ಸೈಬರ್ ದಾಳಿ ಆದ ಮೇಲೆ ಪ್ಲಾಂಟ್ ತಪಾಸಣೆ: ಯಾವ ದಾರಿ ಹಿಡಿಯಬೇಕು?

2015ರ ಡಿಸೆಂಬರ್ 23. ಉಕ್ರೇನಿನ ಒಂದು ವಿದ್ಯುತ್ ಕಂಟ್ರೋಲ್ ರೂಮಿನಲ್ಲಿ ಮೌಸ್ ತಾನಾಗಿಯೇ ಓಡಾಡುತ್ತಾ ಆಪರೇಟರ್ ಕಣ್ಣೆದುರೇ ಬ್ರೇಕರ್‌ಗಳನ್ನು ಆಫ್ ಮಾಡಿತು. 3 ಕಂಪನಿಗಳ ಸುಮಾರು 2.25 ಲಕ್ಷ ಗ್ರಾಹಕರಿಗೆ ಕರೆಂಟ್ ಹೋಯಿತು. ಸಿಬ್ಬಂದಿ ಸಬ್‌ಸ್ಟೇಷನ್‌ಗಳಿಗೆ ಓಡಿ, ಕೈಯಿಂದಲೇ ಬ್ರೇಕರ್ ಹಾಕಿ ಕೆಲವು ಗಂಟೆಗಳಲ್ಲಿ ಕರೆಂಟ್ ಕೊಟ್ಟರು. ಆದರೆ ಸಬ್‌ಸ್ಟೇಷನ್ ಉಪಕರಣಗಳನ್ನು ನೆಟ್‌ವರ್ಕ್‌ಗೆ ಜೋಡಿಸುವ ಕನ್ವರ್ಟರ್‌ಗಳ ಫರ್ಮ್‌ವೇರ್ (ಒಳಗಿನ ಮೂಲ ಸಾಫ್ಟ್‌ವೇರ್) ಹಾಳಾಗಿತ್ತು. ಕರೆಂಟ್ ಬಂತು ಅಂದರೆ ಸಿಸ್ಟಂ ಸರಿಹೋಯಿತು ಅಂತಲ್ಲ, ಅಲ್ವಾ?

ಒಳಗೆ ಇನ್ನೇನು ಉಳಿದಿದೆ ಅಂತ ನೋಡಲು ಮೂರು ದಾರಿಗಳಿವೆ. ನೆಟ್‌ವರ್ಕ್ ಟ್ರಾಫಿಕ್‌ನ ನಕಲು ತೆಗೆದು ಸುಮ್ನೆ ಗಮನಿಸುವುದು ಒಂದು ದಾರಿ. ಯಂತ್ರ ನಿಲ್ಲಿಸಬೇಕಿಲ್ಲ, ಅಪಾಯ ಕಡಿಮೆ. ಆದರೆ ಸದ್ದಿಲ್ಲದೆ ಕೂತ ಮಾಲ್‌ವೇರ್ ಇದರಲ್ಲಿ ಕಾಣುವುದಿಲ್ಲ.

ಎರಡನೆಯದು ಸ್ಕ್ಯಾನಿಂಗ್, ಅಂದರೆ ಪ್ರತಿ ಸಾಧನಕ್ಕೂ ಪ್ಯಾಕೆಟ್ ಕಳಿಸಿ ಉತ್ತರ ನೋಡುವುದು. ಇದರಲ್ಲಿ ವಿವರ ಜಾಸ್ತಿ, ಕೆಲಸ ಬೇಗ. ಆದರೆ ಹಳೆಯ ಪಿಎಲ್‌ಸಿಗಳು (ಯಂತ್ರಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್‌ಗಳು) ಗುರುತಿಲ್ಲದ ಪ್ಯಾಕೆಟ್ ಬಂದರೆ ಹ್ಯಾಂಗ್ ಆಗಬಹುದು. ಬಾಯ್ಲರ್ ಓಡುತ್ತಿರುವಾಗ ಬೇಡವೇ ಬೇಡ. ಶಟ್‌ಡೌನ್ ತನಕ ಕಾಯಿರಿ.

ನಾನು ಹೆಚ್ಚು ನಂಬುವುದು ಮೂರನೆಯದನ್ನು: ಪಿಎಲ್‌ಸಿಯೊಳಗಿನ ಪ್ರೋಗ್ರಾಂ ಅನ್ನು ಹಳೆಯ ಬ್ಯಾಕಪ್ ಜೊತೆ ಸಾಲು ಸಾಲಾಗಿ ಹೋಲಿಸುವುದು. ಬೆನ್ನು ಮುರಿಯುವ ಕೆಲಸ, ನಿಜ. ಆದರೆ 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಎಂಬ ಮಾಲ್‌ವೇರ್ ಪಿಎಲ್‌ಸಿಯಲ್ಲಿ ತಾನು ಬದಲಿಸಿದ ಕೋಡನ್ನು ಎಂಜಿನಿಯರ್ ಕಂಪ್ಯೂಟರಿನಲ್ಲೇ ಮರೆಮಾಚುತ್ತಿತ್ತು. ಹಾಗಾಗಿ ಹೊಸದಾಗಿ ಸಿದ್ಧಪಡಿಸಿದ ಲ್ಯಾಪ್‌ಟಾಪ್‌ನಿಂದಲೇ ಓದಿ. ಬ್ಯಾಕಪ್ ಕೂಡ ನೆಟ್‌ವರ್ಕ್‌ನ ಹೊರಗಿಟ್ಟದ್ದೇ ಇರಲಿ. ಉಕ್ರೇನಿನಲ್ಲಿ ದಾಳಿಕೋರರು ತಿಂಗಳುಗಳ ಮೊದಲೇ ಒಳಹೊಕ್ಕಿದ್ದರು. ಹೋದ ವಾರದ ಬ್ಯಾಕಪ್ ಸಾಲದು.

ಪ್ಲಾಂಟ್ ನಿಲ್ಲಿಸಲು ಆಗದಿದ್ದರೆ ಇವತ್ತೇ ಗಮನಿಸುವುದನ್ನು ಶುರು ಮಾಡಿ. ಹೋಲಿಕೆಯನ್ನು ಸುರಕ್ಷತಾ ಕಂಟ್ರೋಲರ್‌ಗಳಿಂದ (ಅಪಾಯ ಬಂದಾಗ ಯಂತ್ರ ನಿಲ್ಲಿಸುವವು) ಆರಂಭಿಸಿ.