ಸ್ಪೋಕನ್ ಇಂಗ್ಲಿಷ್ ಕ್ಲಾಸು: ಮೇಷ್ಟ್ರು ಸೂಪರ್, ನೋಟ್ಸ್ ಮಾತ್ರ ತಗೋಬೇಡಿ

ದಾವಣಗೆರೆ ವಿದ್ಯಾನಗರದ ಕಡೆ ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಎರಡು ತಿಂಗಳು ಹೋಗಿ ಬಂದೆ. ಹೆಸರು ಹಾಕಲ್ಲ, ಮೇಷ್ಟ್ರ ಹೊಟ್ಟೆ ಮೇಲೆ ಹೊಡೆಯೋದು ಬೇಡ. ನಾನು ಮಂಡಿಪೇಟೇಲಿ ಲೆಕ್ಕ ಬರೆಯೋನು, ಬೆಂಗಳೂರು ಪಾರ್ಟಿಯವ್ರು ಫೋನಲ್ಲಿ ಇಂಗ್ಲಿಷ್ ಶುರು ಹಚ್ಕೊಂಡ್ರೆ ಹೂಂ ಹೂಂ ಅಂತ ಕೂತಿರ್ತಿದ್ದೆ, ಅದಕ್ಕೇ ಸೇರಿದ್ದು.

ಒಂದಿನ ಇಡೀ ಕ್ಲಾಸು ಬ್ಯಾಟರಿ ಅನ್ನೋ ಒಂದೇ ಪದದ ಮೇಲೆ. ‘ರೀಚಾರ್ಜ್ ಮೈ ಬ್ಯಾಟರೀಸ್’ ಅಂದ್ರೆ ದಣಿದೋನು ನಾಕು ದಿನ ಸುಧಾರಿಸ್ಕೊಂಡು ಬರೋದು ಅಂದ್ರು. ಹಿಂದಿನ ಬೆಂಚಿಂದ ಗ್ಯಾರೇಜ್ ಹುಡುಗ ಒಬ್ಬ ‘ಸಾರ್ ಮನುಷ್ಯ ಒಬ್ನೇ, ಬ್ಯಾಟರಿ ಯಾಕ್ ಸಾರ್ ಜಾಸ್ತಿ’ ಅಂದ. ಎಲ್ರೂ ನಕ್ರು, ಮೇಷ್ಟ್ರು ನಗ್ಲಿಲ್ಲ. ‘ನಿಮ್ಮಜ್ಜ ರಾತ್ರಿ ಹೊಲಕ್ಕೆ ಏನ್ ಹಿಡ್ಕೊಂಡು ಹೋಗ್ತಿದ್ರಪ್ಪ?’ ಬ್ಯಾಟ್ರಿ ಸಾರ್. ‘ಅದ್ರೊಳಗೆ?’ ಶೆಲ್ಲು, ಮೂರು. ‘ಹಾಂ, ಅದೇ’ ಅಂದ್ರು. ಆ ಪದ ಫ್ರೆಂಚಿಂದ ಬಂದಿದ್ದಂತೆ, ಮೂಲದಲ್ಲಿ ಹೊಡೆಯೋದು ಅಂತ, ಆಮೇಲೆ ಸಾಲಾಗಿ ನಿಲ್ಲಿಸಿದ ಫಿರಂಗಿಗಳಿಗೆ ಆ ಹೆಸರು ಬಂತು, 1749ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಕರೆಂಟು ಹಿಡಿದಿಡೋ ಗಾಜಿನ ಜಾಡಿಗಳನ್ನ ಒಂದಕ್ಕೊಂದು ಜೋಡಿಸಿ ಅದನ್ನೂ ಬ್ಯಾಟರಿ ಅಂದ. ಹಂಗಾಗಿ ಒಂದಕ್ಕೆ ಶೆಲ್ಲು, ಪೂರಾ ಸೇರಿದ್ರೆ ಬ್ಯಾಟ್ರಿ ಅಂತಿದ್ದ ನಮ್ಮಜ್ಜನ ಲೆಕ್ಕನೇ ಸರಿ, ಗೋಡೆ ಗಡಿಯಾರದ ಒಂದು ಸೆಲ್ಲಿಗೂ ಬ್ಯಾಟರಿ ಅನ್ನೋ ನಾವೇ ತಪ್ಪು!

ಇದೊಂದು ತಲೆಗೆ ಹೋದ್ಮೇಲೆ ಮಿಕ್ಕಿದ್ದು ತಾನಾಗೇ ಬಂತು. ಬ್ಯಾಟರಿ ಆಫ್ ಟೆಸ್ಟ್ಸ್ ಅಂದ್ರೆ ಡಾಕ್ಟ್ರು ಸಾಲಾಗಿ ಬರ್ಕೊಡೋ ರಕ್ತ, ಮೂತ್ರ, ಇಸಿಜಿ ಎಲ್ಲ. ಕಾಮೆಂಟ್ರೀಲಿ ಪೇಸ್ ಬ್ಯಾಟರಿ ಅನ್ನೋದು ಫಾಸ್ಟ್ ಬೌಲರ್‌ಗಳ ಪಡೆ. ‘ಅಸಾಲ್ಟ್ ಅಂಡ್ ಬ್ಯಾಟರಿ’ಲಿ ಮಾತ್ರ ಹಳೇ ಹೊಡೆತನೇ ಉಳ್ಕೊಂಡೈತೆ, ಕೈ ಎತ್ತಿ ಮೈಮೇಲೆ ಬಂದ್ರೆ ಅಸಾಲ್ಟು, ಮುಟ್ಟಿದ್ರೆ ಬ್ಯಾಟರಿ. ಅಷ್ಟರಲ್ಲಿ ಲಾ ಓದೋ ಹುಡುಗಿ ಎದ್ದು, ಅದು ಇಂಗ್ಲೆಂಡಿನ ಕಾನೂನು ಸಾರ್, ನಮ್ಮ ಐಪಿಸಿ 350ರಲ್ಲಿ ಕ್ರಿಮಿನಲ್ ಫೋರ್ಸ್ ಅಂತಿತ್ತು, ಈಗ ಅದರ ಬದ್ಲು ಬಂದಿರೋ ಭಾರತೀಯ ನ್ಯಾಯ ಸಂಹಿತೆ, ಬಿಎನ್‌ಎಸ್ 129 ಅಂದ್ಲು. ಮೇಷ್ಟ್ರು ಪೆನ್ ತೆಗ್ದು ಕೈಮೇಲೇ ಬರ್ಕೊಂಡ್ರು. ಅದು ನಂಗೆ ಭಾಳ ಇಷ್ಟ ಆತು.

ಇನ್ನು ನೋಟ್ಸು. ಫೀಸ್ ಬಿಟ್ಟು ಅದಕ್ಕೇ 250 ರೂಪಾಯಿ. ಬ್ಯಾಟರಿ ಆಫ್ ಟೆಸ್ಟ್ಸ್‌ಗೆ ‘ಬ್ಯಾಟರಿಯ ಪರೀಕ್ಷೆಗಳು’ ಅಂತ ಐತೆ, ಅಸಾಲ್ಟ್ ಅಂಡ್ ಬ್ಯಾಟರಿಗೆ ‘ಆಕ್ರಮಣ ಮತ್ತು ವಿದ್ಯುತ್ಕೋಶ’. ವಿದ್ಯುತ್ಕೋಶ ತಗೊಂಡು ಹೊಡೆದ್ರೇನ್ರಿ? ಕೌಂಟರಲ್ಲಿ ತೋರಿಸಿದ್ರೆ ಮೇಡಂ ‘ಪ್ರಿಂಟ್ ಆಗ್ಬಿಟ್ಟೈತಲ್ಲ ಸಾರ್’ ಅಂದ್ರು, ಮುಗೀತು.

ಸಂಜೆ ಬ್ಯಾಚಲ್ಲಿ ಜನ ಜಾಸ್ತಿ, ಎರಡು ತಿಂಗಳಲ್ಲಿ ಎದ್ದು ನಿಂತು ಮಾತಾಡೋ ಪಾಳಿ ನಂಗೆ ಐದೇ ಸಲ ಬಂದಿದ್ದು. ಸೇರೋರು ಬೆಳಗ್ಗೆ ಆರೂವರೆ ಬ್ಯಾಚಿಗೆ ಸೇರ್ಕೊಳ್ಳಿ, ನೋಟ್‌ಬುಕ್ ನಿಮ್ಮದೇ ಒಯ್ರಿ.

ಮೊನ್ನೆ ಬೆಂಗಳೂರಿನ ಪಾರ್ಟಿ ಫೋನಲ್ಲಿ, ನೆಕ್ಸ್ಟ್ ವೀಕ್ ಕೂರ್ಗು, ರೀಚಾರ್ಜಿಂಗ್ ಮೈ ಬ್ಯಾಟರೀಸ್ ಅಂದ. ‘ಪೇಮೆಂಟ್ ಬಿಫೋರ್ ದಟ್ ಸಾರ್’ ಅಂದೆ.