ಕಂಟೋನ್ಮೆಂಟ್ ಕಡೆ ಬೆಳಗಿನ ಫುಟ್ಬಾಲ್ ಬ್ಯಾಚ್: ಬೋರ್ಡ್ ಇಲ್ಲ, ಟ್ರ್ಯಾಕ್ ಸೂಟ್ ಇಲ್ಲ, ಕೋಚ್ ಮಾತ್ರ ಗಟ್ಟಿ

ನಮ್ಮ ಏರಿಯಾ ಗ್ರೂಪಿನಾಗೆ ವಾರಕ್ಕೊಬ್ರು ಕೇಳ್ತಾನೇ ಇರ್ತಾರೆ, ಬಳ್ಳಾರಿಯಾಗೆ ಮಕ್ಳಿಗೆ ಫುಟ್ಬಾಲ್ ಕೋಚಿಂಗ್ ಎಲ್ಲಿ ಚಲೋ ಐತೆ ಅಂತ. ಒಬ್ಬೊಬ್ರಿಗೆ ಫೋನ್‌ನಾಗೆ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೀತಿದೀನಿ. ಮೊದ್ಲೇ ಹೇಳ್ಬಿಡ್ತೀನಿ, ಮಗ ಮುಂದಿನ ವರ್ಷವೇ ಸ್ಟೇಟ್ ಟೀಮಿಗೆ ಹೋಗ್ಬೇಕು, ತಿಂಗಳಿಗೊಂದು ಸರ್ಟಿಫಿಕೇಟ್ ಬರ್ಬೇಕು, ಎದೆ ಮ್ಯಾಲೆ ಲೋಗೋ ಇರ್ಬೇಕು ಅನ್ನೋರಿಗೆ ಈ ಬ್ಯಾಚ್ ಅಲ್ಲ. ಹುಡುಗ್ರು ಆಟ ಅಂದ್ರೆ ಏನು ಅಂತ ತಿಳ್ಕೊಂಡು ಆಡ್ಲಿ ಅನ್ನೋರಿಗೆ ನಾ ನೋಡಿದ್ರಾಗೆ ಇದೇ ಬೆಸ್ಟ್, ಮತ್ತು ಅದಕ್ಕೆ ಕಾರಣ ಒಬ್ರೇ, ಅಲ್ಲಿ ಹೇಳ್ಕೊಡೋ ಕೋಚ್, ಒಂದು ಕಾಲೇಜ್ ಟೀಮಿನ ಅಸಿಸ್ಟೆಂಟ್ ಕೋಚ್ ಅವ್ರು.

ಜಾಗ ಕಂಟೋನ್ಮೆಂಟ್ ಕಡೆ ಒಂದು ಗ್ರೌಂಡ್. ಹೆಸ್ರು ಬೋರ್ಡ್ ಏನೂ ಇಲ್ಲ, ಹುಡುಗ್ರು 'ಸರ್ ಬ್ಯಾಚ್' ಅಂತಾರೆ ಅಷ್ಟೇ. ಬೆಳಿಗ್ಗೆ ಐದೂಮುಕ್ಕಾಲಿಗೆ ಶುರು, ಏಳೂವರೆ ಒಳಗೆ ಮುಗಿಸ್ತಾರೆ, ಯಾಕಂದ್ರೆ ನಮ್ಮೂರ ಬಿಸಿಲು ಗೊತ್ತಲ್ರಿ, ಏಪ್ರಿಲ್ ಮೇ ತಿಂಗಳಾಗೆ 40 ಡಿಗ್ರಿ ದಾಟೋ ಊರಿದು, ಎಂಟು ಗಂಟೆಗೆ ಗ್ರೌಂಡ್‌ನಾಗೆ ನಿಂತ್ರೆ ಶೂ ತಳ ಸುಡ್ತೈತೆ. ಫೀ ತಿಂಗಳಿಗೆ 800. ಅಣ್ಣ ತಮ್ಮ ಇಬ್ರು ಬಂದ್ರೆ ಎರಡನೇಯವ್ರಿಗೆ ಅರ್ಧ. ನೆಲ ಹುಲ್ಲಲ್ಲ, ಗಟ್ಟಿ ಕೆಂಪು ಮಣ್ಣು, ಅಲ್ಲಲ್ಲಿ ಸಣ್ಣ ಕಲ್ಲು, ನಡುವೆ ಕ್ರಿಕೆಟ್‌ನೋರ ಸಿಮೆಂಟ್ ಪಿಚ್ ಬೇರೆ. ಅದನ್ನ ಬಿಟ್ಟು ಈ ಕಡೆ ಅರ್ಧ ಗ್ರೌಂಡ್‌ನಾಗೆ ಸುಣ್ಣದ ಪುಡಿ ಹಾಕಿ ಗೆರೆ ಎಳೀತಾರೆ. ಗೆರೆ ಎಳೆಯೋರೂ ಕೋಚೇ.

ಆ ಗೆರೆ ಎಳೆಯೋದು ಅವ್ರಿಗೆ ಹಳೇ ಅಭ್ಯಾಸ. ಒಂದು ಕಾಲೇಜಿನ ಟೀಮಿಗೆ ವರ್ಷಗಟ್ಲೆ ಅಸಿಸ್ಟೆಂಟ್ ಕೋಚ್ ಆಗಿದ್ರು, ಈಗ್ಲೂ ಸೀಸನ್‌ನಾಗೆ ಹೋಗ್ತಾರೆ. ಸ್ಟೂಡೆಂಟ್ ಇದ್ದಾಗ ಲೆಫ್ಟ್ ಬ್ಯಾಕ್ (ಎಡಗಡೆ ಡಿಫೆಂಡರ್) ಆಡಿ ಯೂನಿವರ್ಸಿಟಿ ಟೀಮಿಗೂ ಹೋಗಿ ಬಂದೋರು, ಆಮ್ಯಾಲೆ ದೈಹಿಕ ಶಿಕ್ಷಣದ ಡಿಗ್ರಿ, ಬಿ.ಪಿ.ಎಡ್. ನಮ್ಮ ಕಡೆ ಕಾಲೇಜುಗಳಾಗೆ ವ್ಯವಸ್ಥೆ ಹೆಂಗಂದ್ರೆ ಫಿಸಿಕಲ್ ಡೈರೆಕ್ಟರ್ ಅಂತ ಒಬ್ರು ಇರ್ತಾರೆ, ಪರ್ಮನೆಂಟ್ ಪೋಸ್ಟ್ ಆದ್ರೆ ಯುಜಿಸಿ ಸ್ಕೇಲ್ ಸಂಬಳ, ಕಬಡ್ಡಿ ವಾಲಿಬಾಲ್ ಅಥ್ಲೆಟಿಕ್ಸ್ ಎಲ್ಲಾ ಅವ್ರದೇ ಜವಾಬ್ದಾರಿ, ಟೀಮ್ ಲಿಸ್ಟ್‌ನಾಗೆ ಕೋಚ್ ಅಂತ ಹೆಸ್ರೂ ಅವ್ರದೇ. ಅಸಿಸ್ಟೆಂಟ್ ಅಂದ್ರೆ ಗೌರವಧನ, ಅದೂ ಟೂರ್ನಮೆಂಟ್ ಇದ್ದ ತಿಂಗಳು. ಕೆಲ್ಸ ಮಾತ್ರ ಪೂರ್ತಿ: ಬಾಲಿಗೆ ಗಾಳಿ, ಕೋನ್, ನೀರಿನ ಕ್ಯಾನ್, ಮೊಣಕಾಲಿಗೆ ಐಸು, ಟ್ರೇನ್ ಟಿಕೆಟ್, ಮತ್ತೆ ಎಲ್ಲಕ್ಕಿಂತ ದೊಡ್ಡ ತಲೆನೋವು ಎಲಿಜಿಬಿಲಿಟಿ ಫಾರ್ಮು. ಇಂಟರ್ ಯೂನಿವರ್ಸಿಟಿ ಆಡೋ ಹುಡುಗ 25ರ ಒಳಗೆ ಇರ್ಬೇಕು, ಅದಕ್ಕೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಪ್ರಿನ್ಸಿಪಾಲ್ ಸೈನು, ಸೀಲು. ಒಬ್ಬನ ಕಾರ್ಡ್ ಊರಾಗೆ ಉಳಿದ್ರೆ ಅದನ್ನ ತರ್ಸೋನೂ ಅಸಿಸ್ಟೆಂಟೇ. ಟೀಮ್ ಗೆದ್ರೆ ಹಾರ ಯಾರ ಕೊರಳಿಗೆ ಬೀಳ್ತೈತೆ ಅಂತ ನಾ ಬೇರೆ ಹೇಳ್ಬೇಕಾ. ಇದನ್ನೆಲ್ಲ ಅವ್ರು ಬೇಜಾರ್ ಮಾಡ್ಕೊಂಡು ಹೇಳಿದ್ದಲ್ಲ ಮತ್ತೆ, ಬ್ಯಾಚ್ ಮುಗಿದ್ ಮ್ಯಾಲೆ ಗೇಟ್ ಹೊರಗೆ ಒಗ್ಗರಣಿ ಮಿರ್ಚಿ ತಿನ್ಕೋಂತ ನಕ್ಕೋಂತ ಹೇಳಿದ್ದು.

ಅಮೆರಿಕದಾಗೆ ಕಾಲೇಜ್ ಫುಟ್ಬಾಲ್ ಅಂದ್ರೆ ಬೇರೆ ಆಟ, ಹೆಲ್ಮೆಟ್ ಹಾಕ್ಕೊಂಡು ಬಾಲ್ ಕೈಯಾಗೆ ಹಿಡ್ದು ಓಡೋದು, ಆದ್ರೆ ಅಸಿಸ್ಟೆಂಟ್ ಕೋಚ್ ಅನ್ನೋದು ಅಲ್ಲಿ ದೊಡ್ಡ ಕೆರಿಯರ್ರು. ಪಿಜಿ ಓದ್ಕೋಂತ ಗ್ರಾಜುಯೇಟ್ ಅಸಿಸ್ಟೆಂಟ್ ಅಂತ ಶುರು, ಆಮ್ಯಾಲೆ ಒಂದೊಂದು ಪೊಸಿಷನ್‌ಗೆ ಒಬ್ಬ ಕೋಚ್, ಅದರ ಮ್ಯಾಲೆ ಅಟ್ಯಾಕಿಗೊಬ್ಬ ಡಿಫೆನ್ಸಿಗೊಬ್ಬ ಕೋಆರ್ಡಿನೇಟರ್, ದೊಡ್ಡ ಯೂನಿವರ್ಸಿಟಿಗಳಾಗೆ ಅವ್ರ ಸಂಬಳ ವರ್ಷಕ್ಕೆ ಹತ್ತು ಲಕ್ಷ ಡಾಲರ್ ದಾಟ್ತೈತೆ. ವರ್ಷದ ಬೆಸ್ಟ್ ಅಸಿಸ್ಟೆಂಟ್‌ಗೆ ಅಂತಾನೇ 1996ರಿಂದ ಬ್ರಾಯ್ಲ್ಸ್ ಅವಾರ್ಡ್ ಕೊಡ್ತಾರೆ. ಏಳು ನ್ಯಾಷನಲ್ ಟೈಟಲ್ ಗೆದ್ದ ಕೋಚ್ ನಿಕ್ ಸೇಬನ್ ಕೂಡ 1973ರಾಗೆ ಕೆಂಟ್ ಸ್ಟೇಟ್‌ನಾಗೆ ಹಿಂಗೇ ಗ್ರಾಜುಯೇಟ್ ಅಸಿಸ್ಟೆಂಟ್ ಆಗಿ ಶುರು ಮಾಡಿದ್ದು. ನಮ್ ಕೋಚ್‌ಗೆ ಇದನ್ನ ಹೇಳಿದ್ರೆ "ಅಣ್ಣಾ ಅವ್ರಿಗೆ ಬಾಲಿಗೆ ಗಾಳಿ ಹೊಡೆಯೋಕೂ ಬೇರೆ ಮನುಷ್ಯ ಇರ್ತಾನೆ ಬಿಡ್ರಿ" ಅಂದ್ರು.

ನಮ್ ಕೋಚ್‌ಗೆ ಹಿಡ್ಸೋ ಉದಾಹರಣೆ ಇಂಡಿಯಾದ ಫುಟ್ಬಾಲ್ ಕೋಚ್ ಖಾಲಿದ್ ಜಮೀಲ್. 2021 ಜನವರಿಯಾಗೆ ಇಂಡಿಯನ್ ಸೂಪರ್ ಲೀಗ್ (ಐಎಸ್ಎಲ್) ಆಡೋ ನಾರ್ತ್‌ಈಸ್ಟ್ ಯುನೈಟೆಡ್‌ನಾಗೆ ಅಸಿಸ್ಟೆಂಟ್ ಆಗಿದ್ದೋರು, ಹೆಡ್ ಕೋಚ್ ಹೋದ ಮ್ಯಾಲೆ ಟೀಮ್ ಕೈಗೆ ಬಂತು, ಅದನ್ನ ಸೀದಾ ಸೆಮಿಫೈನಲ್‌ಗೆ ತಗೊಂಡ್ ಹೋದ್ರು, ಆಮ್ಯಾಲೆ ಐಎಸ್ಎಲ್‌ನಾಗೆ ಪರ್ಮನೆಂಟ್ ಹೆಡ್ ಕೋಚ್ ಆದ ಮೊದಲನೇ ಇಂಡಿಯನ್, 2025 ಆಗಸ್ಟ್‌ನಾಗೆ ಇಂಡಿಯಾ ಟೀಮಿಗೇ ಕೋಚ್. ಆದ್ರೆ ಅದಕ್ಕೂ ಮೊದ್ಲು 2016-17ರಾಗೆ ಐಜ್ವಾಲ್‌ನಂಥ ಸಣ್ಣ ಕ್ಲಬ್‌ಗೆ ಐ-ಲೀಗ್ ಅನ್ನೋ ನ್ಯಾಷನಲ್ ಲೀಗ್ ಗೆದ್ದು ಕೊಟ್ಟಿದ್ರು ಅನ್ನೋದನ್ನ ಮಂದಿ ಮರೀತಾರೆ. ಅಷ್ಟು ಮಾಡಿದ ಮನುಷ್ಯನೂ ಮತ್ತೆ ಅಸಿಸ್ಟೆಂಟ್ ಕುರ್ಚಿಯಾಗೆ ಕುಂತಿದ್ದ. ಕೋಚಿಂಗ್ ಲೈಸೆನ್ಸ್ ಏಣಿ ಬೇರೆ ಐತೆ: ಇಂಡಿಯಾದ ಫುಟ್ಬಾಲ್ ಫೆಡರೇಷನ್ ಎಐಎಫ್ಎಫ್ ಕೊಡೋ ಡಿ, ಆಮ್ಯಾಲೆ ಏಷ್ಯಾ ಫೆಡರೇಷನ್ ಆದ ಎಎಫ್‌ಸಿ ಸಿ, ಬಿ, ಎ, ಕೊನೆಗೆ ಪ್ರೋ. ನಮ್ಮೋರ್ದು ಡಿ ಆಗೈತೆ. ಸಿ ಮಾಡ್ಬೇಕಂದ್ರೆ ಊರು ಬಿಟ್ಟು ಹೋಗಿ ದಿನಗಟ್ಲೆ ಕೋರ್ಸ್‌ನಾಗೆ ಇರ್ಬೇಕು, ಫೀಸು, ಇರೋಕೆ ಉಣ್ಣೋಕೆ ಖರ್ಚು, ಅಷ್ಟು ದಿನ ಬ್ಯಾಚ್ ಬಂದ್. ನಾವು ಕೊಡೋ 800ರಾಗೆ ಆ ದುಡ್ಡೂ ಸೇರೈತೆ ಅಂತ ನಾನಂತೂ ಅನ್ಕಂಡೀನಿ.

ಇನ್ನ ಕೋಚಿಂಗ್ ವಿಷ್ಯ. ಸುಮಾರು ಕಡೆ ಕೋಚಿಂಗ್ ಅಂದ್ರೆ ಗ್ರೌಂಡ್ ಸುತ್ತ ಐದು ರೌಂಡ್ ಓಡ್ಸಿ, ಸಾಲಾಗಿ ನಿಲ್ಸಿ, ಒಬ್ಬೊಬ್ರಿಗೇ ಗೋಲಿಗೆ ಒದಿಯೋಕೆ ಬಿಡೋದು, ಇಪ್ಪತ್ತು ಹುಡುಗ್ರು ಲೈನ್‌ನಾಗೆ ಸೊಂಟಕ್ಕೆ ಕೈಯಿಟ್ಕಂಡು ನಿಂತಿರ್ತಾವೆ ರೇಷನ್ ಅಂಗಡಿ ಮುಂದೆ ನಿಂತಂಗೆ. ಇಲ್ಲಿ ಲೈನೇ ಇಲ್ಲ. ನಾಲ್ಕು ನಾಲ್ಕು ಮಂದಿ ಮಾಡಿ ಸಣ್ಣ ಸಣ್ಣ ಚೌಕ ಹಾಕ್ತಾರೆ, ಪ್ರತಿ ಹುಡುಗನ ಕಾಲಿಗೂ ಬಾಲ್ ಬರ್ತಾನೇ ಇರ್ಬೇಕು.

ಅವ್ರದೊಂದು ಡ್ರಿಲ್ ಐತೆ, ನಂಗೆ ಭಾಳ ಸೇರಿದ್ದು. ಹುಡುಗ ಪಾಸ್ ತಗೊಳ್ಳೋಕೆ ನಿಂತಿರ್ತಾನೆ, ಕೋಚ್ ಅವನ ಹಿಂದೆ ಎಂಟತ್ತು ಹೆಜ್ಜೆ ದೂರ ಹೋಗಿ ಕೈ ಎತ್ತಿ ಬೆರಳು ತೋರಿಸ್ತಾರೆ. ಎರಡೋ ಮೂರೋ ನಾಲ್ಕೋ. ಬಾಲ್ ಕಾಲಿಗೆ ಬರೋದ್ರೊಳಗೆ ಅವನು ಭುಜದ ಮ್ಯಾಲಿಂದ ಹಿಂದೆ ನೋಡಿ ನಂಬರ್ ಕೂಗ್ಬೇಕು, ಕೂಗಿ ಆಮ್ಯಾಲೆ ಬಾಲ್ ತಡೀಬೇಕು. ಮೊದ್ಲು ನೋಡಿದಾಗ ಏನಪ್ಪಾ ಇದು ಮಗ್ಗಿ ಹೇಳಿಸ್ತಾರಾ ಅನ್ಸ್ತು. ನನ್ ಮಗ ಶುರುವಿನಾಗೆ ನಂಬರ್ ನೋಡಾಕ್ ಹೋಗಿ ಬಾಲ್ ಬಿಡ್ತಿದ್ದ, ಬಾಲ್ ಹಿಡಿಯಾಕ್ ಹೋಗಿ ಸುಳ್ಳು ನಂಬರ್ ಹೇಳ್ತಿದ್ದ, "ತಮ್ಮಾ, ನಾ ಮೂರು ತೋರ್ಸಿದ್ದೆ, ನೀ ಯಾವ್ ಬೆರಳು ನೋಡ್ದಿ" ಅಂತ ನಗಿಸ್ತಿದ್ರೇ ಹೊರತು ಬೈದಿದ್ದು ಕೇಳಿಲ್ಲ. ಈಗ ಮ್ಯಾಚ್‌ನಾಗೆ ಬಾಲ್ ಬರೋ ಮೊದ್ಲೇ ತಲೆ ತಿರುಗಿಸ್ತಾನೆ, ಹಿಂದೆ ಯಾರು ಒತ್ಕೊಂಡ್ ಬರ್ತಿದಾರೆ ಅಂತ ಗೊತ್ತಿರ್ತೈತೆ ಅವನಿಗೆ.

ಥ್ರೋ-ಇನ್‌ಗೂ ಅಷ್ಟೇ. ಎರಡೂ ಕಾಲು ನೆಲದ ಮ್ಯಾಲೆ, ಗೆರೆ ಮ್ಯಾಲೆ ಅಥವಾ ಹೊರಗೆ, ಎರಡೂ ಕೈಲಿ ತಲೆ ಹಿಂದಿನಿಂದ ತಲೆ ಮ್ಯಾಲಿಂದ ಎಸೀಬೇಕು, ಇಷ್ಟು ಎಲ್ರೂ ಹೇಳ್ತಾರೆ. ಥ್ರೋ-ಇನ್‌ನಿಂದ ಸೀದಾ ಬಾಲ್ ತಗೊಂಡ್ರೆ ಆಫ್‌ಸೈಡ್ (ಎದುರಾಳಿ ಡಿಫೆಂಡರ್‌ಗಳನ್ನ ದಾಟಿ ಮುಂದೆ ನಿಂತು ಪಾಸ್ ತಗೊಳ್ಳೋ ತಪ್ಪು) ಇಲ್ಲ ಅಂತ ಹೇಳಿ, ಅದನ್ನ ಉಪಯೋಗ ಮಾಡ್ಕಳ್ಳೋದು ಹೆಂಗೆ ಅಂತ ಒಂದು ಪೂರ್ತಿ ಬೆಳಿಗ್ಗೆ ಆಡಿಸಿದ್ದು ಇವ್ರೊಬ್ರೇ. ಆಮ್ಯಾಲೆ ಮನೆಗೆ ಬಂದು ನನ್ ಮಗ ನಮ್ಮಪ್ಪಂಗೆ ಆಫ್‌ಸೈಡ್ ಹೇಳ್ಕೊಟ್ಟ, ಲೋಟ ಚಂಬು ಇಟ್ಕಂಡು, ಅವ್ರಿಗೂ ತಿಳೀತು ಅಂದ್ರೆ ನೋಡ್ರಿ.

ಆದ್ರೆ ನಾ ಈ ರಿವ್ಯೂ ಬರಿಯೋಕೆ ನಿಜವಾದ ಕಾರಣ ಬೇರೆ. ಹೆಡ್ ಕೋಚ್ ಆದೋರ ಕಣ್ಣು ಆಡೋ ಹನ್ನೊಂದು ಮಂದಿ ಮ್ಯಾಲೆ ಇರ್ತೈತೆ, ಇವ್ರು ಇಷ್ಟು ವರ್ಷ ನೋಡ್ಕಂಡಿದ್ದು ಬೆಂಚ್ ಮ್ಯಾಲೆ ಕುಂತೋರನ್ನ. ಅದು ಈ ಬ್ಯಾಚ್‌ನಾಗೆ ಎದ್ದು ಕಾಣ್ತೈತೆ. ನಮ್ಮ ತಮ್ಮನ ಮಗಳು ದಪ್ಪ ಇದ್ಲು ಅಂತ ಬ್ಯಾರೆ ಕಡೆ ಎಷ್ಟೊತ್ತಿಗೂ ಗೋಲಿಗೆ ನಿಲ್ಲಿಸ್ತಿದ್ರು, ಅವಳು ಅತ್ಕಂಡ್ ಬಿಟ್ಬಂದ್ಲು. ಇಲ್ಲಿ ಕೋಚ್ ಸ್ವಲ್ಪ ದಿನ ಸುಮ್ನೆ ನೋಡಿ, ಈಕಿ ಎಡಗಾಲಿಲೆ ಒದೀತಾಳೆ, ಎಡಗಾಲಿನೋರು ಸಿಗೋದೇ ಕಮ್ಮಿ ಅಂತ ಲೆಫ್ಟ್ ಬ್ಯಾಕ್ ಹಾಕಿದ್ರು, ತಮ್ಮದೇ ಜಾಗ. ಓಡೋದು ಕಮ್ಮಿ ಆದ್ರೂ ನಿಲ್ಲೋ ಜಾಗ ಕರೆಕ್ಟಾಗಿ ನಿಂತ್ರೆ ಅರ್ಧ ಕೆಲ್ಸ ಆದಂಗೆ ಅಂತ ಅವಳಿಗೆ ಕೋನ್ ಇಟ್ಟು ತೋರ್ಸಿದ್ರು. ಮ್ಯಾಚ್ ನಡೀತಿದ್ರೂ ಹೊರಗೆ ಕುಂತಿರೋ ಹುಡುಗ್ರ ಹತ್ರ ಬಂದು "ಆ ಏಳನೇ ನಂಬರ್‌ನೋನು ಏನ್ ತಪ್ಪು ಮಾಡ್ತಿದಾನೆ ಹೇಳ್ರೋ" ಅಂತ ಕೇಳ್ತಾರೆ. ಹೊರಗೆ ಕುಂತೋರಿಗೂ ಕೆಲ್ಸ. ಹಂಗಾಗಿ ಚೊಲೋ ಆಡೋ ಹುಡುಗ್ರ ಅಪ್ಪಂದಿರಿಗೆ ಸ್ವಲ್ಪ ಉರೀತೈತೆ, ನಮ್ ಹುಡುಗನ್ನ ಹೊರಗೆ ಯಾಕ್ ಕುಂದರ್ಸಿದ್ರಿ ಅಂತ ಒಬ್ರು ಜಗಳಕ್ಕೇ ಬಂದಿದ್ರು. ಎಲ್ರೂ ಸಮ ಆಡ್ತಾರೆ, ಅದೇ ಇಲ್ಲಿ ರೂಲು. ಗೆದ್ದೇ ಬರ್ಬೇಕು ಅನ್ನೋರಿಗೆ ಇದು ಸರಿ ಹೋಗಲ್ಲ, ಅದನ್ನೂ ಒಪ್ಕೋಬೇಕು.

ಈಗ ಸರಿ ಇಲ್ಲದ್ದು ಹೇಳ್ತೀನಿ, ಇಲ್ಲಾಂದ್ರೆ ಕೋಚ್ ನನ್ ಭಾವನೋ ಏನೋ ಅನ್ಕಂತೀರಿ. ಟಾಯ್ಲೆಟ್ ಇಲ್ಲ. ಬಟ್ಟೆ ಬದಲಿಸೋಕೆ ರೂಮ್ ಇಲ್ಲ, ಅದಕ್ಕೇ ಹುಡುಗೇರು ಕಮ್ಮಿ, ಹತ್ತನೇ ಕ್ಲಾಸ್ ದಾಟಿದೋರಂತೂ ಒಬ್ರೂ ಇಲ್ಲ, ಇದನ್ನ ಕೋಚ್ ಒಬ್ರೇ ಸರಿ ಮಾಡೋಕಾಗಲ್ಲ, ಗ್ರೌಂಡ್ ಅವ್ರದಲ್ಲ. ನೀರು ಮನೆಯಿಂದಾನೇ ತರ್ಬೇಕು, ಇರೋ ಒಂದು ನಲ್ಲಿಯಾಗೆ ಬಂದ್ರೆ ಬಂತು. ಫಸ್ಟ್ ಏಡ್ ಅಂದ್ರೆ ಒಂದು ಸ್ಪ್ರೇ, ಒಂದು ಕ್ರೇಪ್ ಬ್ಯಾಂಡೇಜು. ಗೋಲ್‌ಕೀಪರ್‌ಗೆ ಬೇರೆ ಕೋಚಿಂಗ್ ಇಲ್ಲವೇ ಇಲ್ಲ, ಕೀಪರ್ ಆಗ್ಬೇಕನ್ನೋ ಹುಡುಗ ಇದ್ರೆ ಇಲ್ಲಿ ಅವನ ಟೈಮ್ ವೇಸ್ಟ್. ಫೀ ಕೊಟ್ರೆ ರಸೀದಿ ಇಲ್ಲ, ಒಂದು ನೋಟ್‌ಬುಕ್‌ನಾಗೆ ಪೆನ್ಸಿಲ್ಲಾಗೆ ಟಿಕ್ ಹಾಕ್ತಾರೆ. ರಜಾ ಇದ್ರೆ ಮೆಸೇಜ್ ರಾತ್ರಿ ಹನ್ನೊಂದಕ್ಕೆ ಬರ್ತೈತೆ, ಒಮ್ಮೊಮ್ಮೆ ಬೆಳಿಗ್ಗೆ ಗೇಟ್ ಹತ್ರ ಹೋದ ಮ್ಯಾಲೆ ಬರ್ತೈತೆ. ಇನ್ನ ದೊಡ್ಡ ತೊಂದ್ರೆ, ಇಂಟರ್ ಕಾಲೇಜ್ ಟೂರ್ನಮೆಂಟ್ ಟೈಮಿನಾಗೆ ಅವ್ರು ಕಾಲೇಜ್ ಟೀಮ್ ಜೊತೆ ಹೋಗ್ಬಿಡ್ತಾರೆ, ಆಗ ಒಬ್ಬ ಸೀನಿಯರ್ ಹುಡುಗ ಬ್ಯಾಚ್ ನೋಡ್ಕಂತಾನೆ, ಪಾಪ ಒಳ್ಳೆಯೋನೇ ಆದ್ರೆ ಅವನ ಮಾತು ಯಾರೂ ಕೇಳಲ್ಲ, ಆ ವಾರ ಬರೇ ಗದ್ದಲ. ಆ ತಿಂಗಳ ಫೀ ಕಮ್ಮಿ ಮಾಡ್ಬೋದಿತ್ತು, ಮಾಡಲ್ಲ.

ಬ್ಯಾರೆ ಏನೇನ್ ಐತೆ ಅಂದ್ರೆ, ಟರ್ಫ್‌ಗಳು ಅದಾವೆ, ಗಂಟೆ ಲೆಕ್ಕ, ರಾತ್ರಿ ಲೈಟ್ ಹಾಕಿ ಫ್ರೆಂಡ್ಸ್ ಜೊತೆ ಆಡೋಕೆ ಮಜಾ, ಆದ್ರೆ ಅಲ್ಲಿ ಹೇಳ್ಕೊಡೋರು ಇರಲ್ಲ, ಮತ್ತೆ ಬ್ಯಾಸಿಗ್ಯಾಗೆ ಹಗಲು ಆ ಪ್ಲಾಸ್ಟಿಕ್ ಹುಲ್ಲಿನ ಮ್ಯಾಲೆ ಕಾಲಿಡೋಕಾಗಲ್ಲ. ಕೆಲವ್ರು ತೋರಣಗಲ್ ಕಡೆ ವಿಜಯನಗರದಾಗೆ ಇರೋ ಇನ್ಸ್‌ಪೈರ್ ಇನ್ಸ್ಟಿಟ್ಯೂಟ್ ಅನ್ನೋ ಸ್ಪೋರ್ಟ್ಸ್ ಟ್ರೈನಿಂಗ್ ಸೆಂಟರ್‌ಗೆ ಸೇರಿಸ್ಬೇಕು ಅಂತ ಕೇಳ್ತಾರೆ. ಸ್ವಾಮಿ, ಅದು ನೀರಜ್ ಚೋಪ್ರಾ ಟ್ರೈನಿಂಗ್ ಮಾಡಿದ ಜಾಗ, ಬೆಂಗಳೂರು ಎಫ್‌ಸಿ ತನ್ನ ಅಕಾಡೆಮಿ ಹುಡುಗ್ರನ್ನ ಇಟ್ಟು ಬೆಳೆಸಿದ ಜಾಗ, ಟ್ಯೂಷನ್ ಥರ ಫೀ ಕಟ್ಟಿ ಸೇರೋದಲ್ಲ, ಸೆಲೆಕ್ಷನ್ ಆಗ್ಬೇಕು. ನಮ್ಮ ಊರಿನಿಂದ ಒಂದು ಗಂಟೆ ದಾರಿಯಾಗೆ ಅಷ್ಟು ದೊಡ್ಡ ಸೆಂಟರ್ ಇಟ್ಕಂಡು ಊರಾಗೆ ಹುಡುಗ್ರಿಗೆ ಹುಲ್ಲಿರೋ ಒಂದು ಗ್ರೌಂಡ್ ಇಲ್ಲ ಅನ್ನೋದು ಬೇರೆ ಕಥೆ, ಅದನ್ನ ಬರಿಯೋಕೆ ಕುಂತ್ರೆ ಇವತ್ತು ಮುಗಿಯಲ್ಲ.

ಒಟ್ಟು ಐದಕ್ಕೆ ನಾಲ್ಕು ಕೊಡ್ತೀನಿ. ಒಂದು ಕಟ್ ಮಾಡಿದ್ದು ಟಾಯ್ಲೆಟ್‌ಗೆ ಮತ್ತು ಆ ಹನ್ನೊಂದು ಗಂಟೆ ಮೆಸೇಜಿಗೆ.

ಸೇರಿಸೋರು ಫೋನ್ ನಂಬರ್ ಕೇಳ್ಬ್ಯಾಡ್ರಿ, ಅವ್ರನ್ನ ಕೇಳ್ದೆ ಇಲ್ಲಿ ಹಾಕಲ್ಲ, ಬೆಳಿಗ್ಗೆ ಆರಕ್ಕೆ ಸೀದಾ ಹೋಗಿ ಒಂದಿನ ನಿಂತು ನೋಡ್ರಿ, ಮೊದಲ್ನೇ ವಾರ ಫೀ ತಗೊಳ್ಳಲ್ಲ. ಗೆರೆ ಪಕ್ಕ ನಿಂತು ಮಗನಿಗೆ ಕೂಗಿ ಹೇಳೋ ಅಭ್ಯಾಸ ಇದ್ರೆ ಬಿಟ್ಬಿಡ್ರಿ, "ಅಣ್ಣಾ ಗೇಟ್ ಹತ್ರ ಕುಂತ್ಕಳ್ರಿ, ಹುಡುಗ ನಿಮ್ ಮುಖ ನೋಡ್ತಾನೆ ಬಾಲ್ ನೋಡಲ್ಲ" ಅಂತ ಎಲ್ರ ಮುಂದೇನೇ ಅಂತಾರೆ. ಮತ್ತೆ ಶೂ ಮೊದ್ಲೇ ಕೊಳ್ಬ್ಯಾಡ್ರಿ. ಅಂಗಡಿಯೋರು ತಳದಾಗೆ ಉದ್ದ ಸ್ಟಡ್ (ಗುಬ್ಬಿ) ಇರೋದು ಕೊಟ್ಟು ಕಳಿಸ್ತಾರೆ, ಅದು ಹುಲ್ಲಿಗೆ, ಈ ಗಟ್ಟಿ ನೆಲದಾಗೆ ಹಾಕಿದ್ರೆ ಹಿಮ್ಮಡಿ ಹಿಡ್ಕಂತೈತೆ. ಸಣ್ಣ ಸಣ್ಣ ರಬ್ಬರ್ ಗುಬ್ಬಿ ಇರೋದು ಸಾಕು. ಬಾಲ್ 12 ವರ್ಷದೊಳಗಿನ ಹುಡುಗ್ರಿಗೆ ನಾಲ್ಕನೇ ಸೈಜು, ದೊಡ್ಡೋರಿಗೆ ಐದು, ನಿವಿಯಾ ಸ್ಟಾರ್ಮ್ ಥರದ್ದು ಆದ್ರೆ ಈ ಕಲ್ಲು ಮಣ್ಣಿಗೆ ತಡೀತೈತೆ, ಹೊಳೆಯೋ ಮ್ಯಾಚ್ ಬಾಲ್ ತಗೊಂಡ್ರೆ ಒಂದು ತಿಂಗಳಿಗೆ ಸಿಪ್ಪೆ ಕೀಳ್ತೈತೆ.