ಹಳೇ ಸಿಟಿ ವಿಟೆಕ್‌ಗೆ ಯಾವುದು ಸರಿ: ಲೋವರಿಂಗ್ ಸ್ಪ್ರಿಂಗ್, ಕಾಯಿಲ್‌ಓವರ್, ಇಲ್ಲಾ ಕಂಪನಿ ಶಾಕಪ್?

ಹಳೇ ಹೋಂಡಾ ಸಿಟಿ ವಿಟೆಕ್ (ಸಿಟಿಯಲ್ಲೇ ಹೆಚ್ಚು ಶಕ್ತಿಯ ಎಂಜಿನ್ ಇದ್ದ ಮಾದರಿ) ಕೊಂಡವರು ಮೊದಲು ಕೇಳುವುದು ಕಾರನ್ನು ಎಷ್ಟು ತಗ್ಗಿಸಬಹುದು ಅಂತ. ಬೆಳಗಾವಿಯಲ್ಲಿ ಓಡಿಸುವವರಿಗೆ ನನ್ನ ಉತ್ತರ ಒಂದೇ: ತಗ್ಗಿಸಬೇಡಿ. ಕಂಪನಿ ಅಳತೆಯ ಹೊಸ ಶಾಕಪ್, ಹೊಸ ಬುಷ್ (ಕೀಲುಗಳಲ್ಲಿ ಕೂರುವ ರಬ್ಬರ್), ಒಳ್ಳೇ ಟೈರು ಹಾಕಿಸಿ. ಈ ಮೂರು ಆಗುವವರೆಗೆ ಬೇರೆ ಯಾವ ಮಾಡಿಫಿಕೇಶನ್‌ಗೂ ದುಡ್ಡು ಬಿಚ್ಚಬೇಡಿ.

ನನ್ನ ಕಾರು ಕೈಗೆ ಬಂದಾಗ ಅದರಲ್ಲಿ ಲೋವರಿಂಗ್ ಸ್ಪ್ರಿಂಗ್, ಅಂದರೆ ಕಾರನ್ನು ತಗ್ಗಿಸುವ ಗಿಡ್ಡ ಸ್ಪ್ರಿಂಗ್, ಇದ್ದವು. ಆಮೇಲೆ ಕೊಲ್ಹಾಪುರದ ಗೆಳೆಯನಿಂದ ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ, ಸ್ಪ್ರಿಂಗ್ ಸಮೇತ ಬರುವ ಶಾಕಪ್) ಸೆಟ್ ತಂದು ಹಾಕಿಸಿ ಒಂದು ಮಳೆಗಾಲ ಪೂರ್ತಿ ಓಡಿಸಿದೆ. ಈಗ ಕಂಪನಿ ಅಳತೆಗೆ ಬಂದು ನಿಂತಿದ್ದೇನೆ. ಕಾರು ಅದೇ, ರಸ್ತೆ ಅದೇ, ಓಡಿಸುವ ಕೈ ಅದೇ. ಹಾಗಾಗಿ ಮೂರರ ವ್ಯತ್ಯಾಸ ಚೆನ್ನಾಗಿ ಗೊತ್ತಾಗಿದೆ.

ಮೊದಲು ವಯಸ್ಸಿನ ಮಾತು. ಸಿಟಿ ನಮ್ಮ ದೇಶಕ್ಕೆ ಬಂದದ್ದು 1998ರಲ್ಲಿ. 106 ಕುದುರೆಶಕ್ತಿಯ ವಿಟೆಕ್ 2000ದಲ್ಲಿ ಬಂತು, 2003ರಲ್ಲಿ ಬೇರೆ ಆಕಾರದ ಸಿಟಿ ಬಂದ ಮೇಲೆ ಇದು ನಿಂತಿತು. ಅಂದರೆ ಇದರಲ್ಲಿ ಎಲ್ಲಕ್ಕಿಂತ ಹೊಸ ಕಾರಿಗೂ 20 ವರ್ಷ ದಾಟಿದೆ. ಇಷ್ಟು ವರ್ಷಕ್ಕೆ ರಬ್ಬರ್ ಒಣಗಿ ಬಿರುಕು ಬಿಡುತ್ತದೆ, ಶಾಕಪ್ ಒಳಗಿನ ಎಣ್ಣೆ ಸೋರಿ ಹೋಗಿರುತ್ತದೆ. ನಿಮಗೆ ಕಾರು ತಿರುವಿನಲ್ಲಿ ತೇಲಾಡಿದಂತೆ ಅನಿಸಿದರೆ ಅದು ಕಾರಿನ ಗುಣ ಅಂತ ತಿಳಿಯಬೇಡಿ. ಹೋಂಡಾ ಮಾಡಿ ಕಳಿಸಿದ ಕಾರನ್ನು ನೀವಿನ್ನೂ ಓಡಿಸಿಯೇ ಇಲ್ಲ. ಅದನ್ನು ಒಮ್ಮೆ ಓಡಿಸಿ ನೋಡದೆ ಬದಲಾಯಿಸಲು ಹೊರಡುವುದು ಯಾಕೆ, ಅಲ್ವಾ?

ಲೋವರಿಂಗ್ ಸ್ಪ್ರಿಂಗ್ ಅಗ್ಗ, ನೋಡಲು ಚೆಂದ. ನಿಂತ ಕಾರಿನ ಫೋಟೊ ತೆಗೆದರೆ ಮೂರರಲ್ಲಿ ಇದೇ ಗೆಲ್ಲುತ್ತದೆ. ಆದರೆ ಗಿಡ್ಡ ಸ್ಪ್ರಿಂಗ್ ಹಾಕಿದಾಗ ಶಾಕಪ್ ಆಡಲು ಇರುವ ಜಾಗ ಕಡಿಮೆಯಾಗುತ್ತದೆ. ಹಿಂದೆ ಇಬ್ಬರು ಕೂತರೆ ಸಾಕು, ಸಣ್ಣ ಗುಂಡಿಗೂ ಶಾಕಪ್ ಕೊನೆಯ ರಬ್ಬರ್ ತಡೆಗೆ, ಅಂದರೆ ಬಂಪ್ ಸ್ಟಾಪ್‌ಗೆ, ಹೊಡೆಯುತ್ತದೆ. ಟಿಳಕವಾಡಿಯ ರೈಲ್ವೆ ಗೇಟ್ ದಾಟುವಾಗ ಕೆಳಗಿನಿಂದ ಬರುವ ಆ ಸದ್ದು ಹೊಟ್ಟೆಯಲ್ಲಿ ತಳಮಳ ಹುಟ್ಟಿಸುತ್ತದೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಈ ಕಾರಿಗೆ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಶಾಕಪ್ಪೇ ಕಂಬದಂತೆ ಚಕ್ರವನ್ನು ಹಿಡಿದಿರುವ ಜೋಡಣೆ. ಇಂಥ ಕಾರನ್ನು ಜಾಸ್ತಿ ತಗ್ಗಿಸಿದರೆ ಚಕ್ರವನ್ನು ಬಾಡಿಗೆ ಜೋಡಿಸುವ ಕೆಳಗಿನ ತೋಳು, ಅಂದರೆ ಲೋವರ್ ಆರ್ಮ್, ಚಕ್ರದ ಕಡೆ ಮೇಲಕ್ಕೆ ವಾಲುತ್ತದೆ. ಆಗ ರೋಲ್ ಸೆಂಟರ್, ಅಂದರೆ ತಿರುವಿನಲ್ಲಿ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು, ಕಾರು ತಗ್ಗಿದ್ದಕ್ಕಿಂತ ಹೆಚ್ಚು ಕೆಳಗಿಳಿಯುತ್ತದೆ. ತಗ್ಗಿಸಿದ್ದು ವಾಲುವುದು ಕಡಿಮೆಯಾಗಲಿ ಅಂತ, ಆದರೆ ವಾಲಿಸುವ ಬಲವೇ ಹೆಚ್ಚುತ್ತದೆ. ಸ್ಪ್ರಿಂಗ್ ಗಟ್ಟಿ ಇರುವುದರಿಂದ ಅದು ಕಾಣುವುದಿಲ್ಲ ಅಷ್ಟೇ. ಟೈರಿನ ಒಳಅಂಚು ಬೇಗ ಸವೆಯುವುದು ಇದರ ಜೊತೆಗೆ. ಸ್ಪ್ರಿಂಗ್ ಕತ್ತರಿಸಿ ತಗ್ಗಿಸುವವರ ಹತ್ತಿರ ಮಾತ್ರ ಹೋಗಲೇಬೇಡಿ. ಚಕ್ರ ಪೂರ್ತಿ ಕೆಳಗಿಳಿದಾಗ ಸ್ಪ್ರಿಂಗ್ ತನ್ನ ಜಾಗದಿಂದ ಸರಿಯಬಹುದು, ಅದು ಜೀವಕ್ಕೇ ಅಪಾಯ.

ಇನ್ನು ಕಾಯಿಲ್‌ಓವರ್. ಒಣ ರಸ್ತೆಯಲ್ಲಿ ಇದರ ಸುಖವೇ ಬೇರೆ. ಜಾಂಬೋಟಿ ದಾಟಿ ಚೋರ್ಲಾ ಕಡೆ ಹೋಗುವಾಗ ಸ್ಟಿಯರಿಂಗ್ ತಿರುಗಿಸಿದ ಕ್ಷಣಕ್ಕೇ ಮೂತಿ ತಿರುಗುತ್ತಿತ್ತು. ಎತ್ತರ ಬೇಕಾದಂತೆ ಇಟ್ಟುಕೊಳ್ಳಬಹುದು, ಶಾಕಪ್ ಬಿಗಿಯನ್ನೂ ಹೆಚ್ಚುಕಡಿಮೆ ಮಾಡಬಹುದು. ಕಾಗದದ ಮೇಲೆ ಇದಕ್ಕೆ ಎದುರಿಲ್ಲ.

ತೊಂದರೆ ಕೊಟ್ಟದ್ದು ಎತ್ತರ ಹೊಂದಿಸಲು ಶಾಕಪ್ ಕೊಳವೆಯ ಥ್ರೆಡ್ ಮೇಲೆ ತಿರುಗಿಸುವ ರಿಂಗ್. ಮಳೆಗಾಲ ಮುಗಿದ ಮೇಲೆ ಮುಂದಿನ ಎಡಗಡೆ ಸ್ವಲ್ಪ ತಗ್ಗಿದಂತೆ ಕಂಡಿತು. ಐದು ನಿಮಿಷದ ಕೆಲಸ ಅಂತ ಚಕ್ರ ಬಿಚ್ಚಿದೆ. ನಮ್ಮ ಕಡೆಯ ಮಳೆ ಗೊತ್ತಲ್ಲ, ಅದರಲ್ಲೂ ಕಣಕುಂಬಿ ಕಡೆ ಹೋಗಿ ಬಂದರೆ ಕಾರಿನ ಹೊಟ್ಟೆಯೆಲ್ಲ ಕೆಂಪು ಮಣ್ಣು. ಆ ಮಣ್ಣು ಥ್ರೆಡ್ಡಿನ ಸಂದಿಸಂದಿಯಲ್ಲಿ ಕೂತು ಇಟ್ಟಿಗೆಯ ಹಾಗೆ ಗಟ್ಟಿಯಾಗಿತ್ತು. ವೈರ್ ಬ್ರಷ್‌ನಿಂದ ಕೆರೆದು ತೆಗೆದರೆ ಅದರ ಕೆಳಗೆ ಬಿಳಿ ಪುಡಿ. ರಿಂಗ್ ಅಲ್ಯೂಮಿನಿಯಂ, ಒಳಗಿನ ಕೊಳವೆ ಉಕ್ಕು. ಎರಡು ಬೇರೆ ಬೇರೆ ಲೋಹಗಳ ನಡುವೆ ನೀರು ನಿಂತರೆ ಅಲ್ಯೂಮಿನಿಯಂ ತುಕ್ಕಾಗಿ ಉಬ್ಬುತ್ತದೆ, ಥ್ರೆಡ್ ಕಚ್ಚಿಕೊಳ್ಳುತ್ತದೆ.

ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಕೊಕ್ಕೆ ಸ್ಪ್ಯಾನರ್ ಹಾಕಿ ಎಳೆದರೆ ರಿಂಗಿನ ಹಲ್ಲು ಮುರಿಯಿತೇ ಹೊರತು ರಿಂಗ್ ಮಿಸುಕಲಿಲ್ಲ. ಉದ್ಯಮಬಾಗ್‌ನ ಲೇಥ್ ಮಿಸ್ತ್ರಿಯ ಹತ್ತಿರ ಒಯ್ದೆ. ಅವರು ಬೆರಳಿನಿಂದ ಥ್ರೆಡ್ ಮುಟ್ಟಿ ನೋಡಿ, "ಸರ, ಇದು ತಿರಗಂಗಿಲ್ರಿ, ಕೊಯ್ದೇ ತಗೀಬೇಕು" ಅಂದರು. ರಿಂಗನ್ನು ಹುಷಾರಾಗಿ ಸೀಳಿ ತೆಗೆದು, ಥ್ರೆಡ್ ಸ್ವಚ್ಛ ಮಾಡಿ, ಹೊಸ ರಿಂಗ್ ತಿರುವಿ ಕೊಟ್ಟರು. ಅಚ್ಚುಕಟ್ಟಾದ ಕೆಲಸ. ಉದ್ಯಮಬಾಗ್ ಇರುವ ಊರಿನಲ್ಲಿ ಇರುವುದು ಹಳೇ ಕಾರು ಇಟ್ಟುಕೊಂಡವರ ಪುಣ್ಯ. ಆದರೆ ಅಷ್ಟು ದಿನ ಕಾರು ಜಾಕ್ ಮೇಲೆಯೇ ಇತ್ತು. ಎತ್ತರ ಬದಲಾದ ಮೇಲೆ ಅಲೈನ್‌ಮೆಂಟ್ ಮತ್ತೆ ಮಾಡಿಸಬೇಕು, ಅದರ ಖರ್ಚು ಬೇರೆ.

ನಿಮ್ಮ ಕಾರಿನಲ್ಲಿ ಈಗಾಗಲೇ ಕಾಯಿಲ್‌ಓವರ್ ಇದ್ದರೆ ಮಳೆಗೆ ಮುಂಚೆ ಥ್ರೆಡ್ ತೊಳೆದು ಒಣಗಿಸಿ, ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿ-ಸೀಜ್ ಪೇಸ್ಟ್ ಹಚ್ಚಿ, ಮೇಲೆ ಹಳೇ ಟ್ಯೂಬಿನ ತುಂಡು ಸುತ್ತಿ ಕಟ್ಟಿ. ಆಗಾಗ ಬಿಚ್ಚಿ ನೋಡಿ. ನನಗೆ ಆ ತಾಳ್ಮೆ ಇಲ್ಲ. ದಿನಾ ಆಫೀಸಿಗೂ ಇದೇ ಕಾರು, ಊರಿಗೂ ಇದೇ ಕಾರು.

ಕಂಪನಿ ಅಳತೆಯ ಶಾಕಪ್ ಹಾಕಿಸಿದ ದಿನ ವೆಂಗುರ್ಲಾ ರಸ್ತೆಗೆ ಹೋದೆ. ಗುಂಡಿಗೆ ಇಳಿದ ಚಕ್ರ ಒಮ್ಮೆ ಇಳಿದು ಒಮ್ಮೆ ಏಳುತ್ತದೆ, ಅಷ್ಟೇ. ತೇಲಾಟ ಇಲ್ಲ, ಹೊಡೆತವೂ ಇಲ್ಲ. ತಿರುವಿನಲ್ಲಿ ಕಾರು ಸ್ವಲ್ಪ ವಾಲುತ್ತದೆ, ಆದರೆ ವಾಲಿದ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ನಮ್ಮ ಒರಟು ರಸ್ತೆಗೆ ಚಕ್ರ ನೆಲ ಬಿಡದಿರುವುದೇ ಮುಖ್ಯ. ಹಾಗಾಗಿ ಕೆಟ್ಟ ರಸ್ತೆಯಲ್ಲಿ ನಾನು ಈಗ ಕಾಯಿಲ್‌ಓವರ್ ಇದ್ದಾಗಿನದಕ್ಕಿಂತ ಧೈರ್ಯವಾಗಿ ಓಡಿಸುತ್ತೇನೆ.

ಶಾಕಪ್ ಒಂದನ್ನೇ ಹಾಕಿಸಿ ಬುಷ್ ಬಿಟ್ಟರೆ ಅರ್ಧ ಕೆಲಸ. ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಸ್ಟ್ರಟ್ ಮೌಂಟ್ ಎಲ್ಲ ಒಟ್ಟಿಗೆ ಮಾಡಿಸಿ. ಅಲ್ಲಿ ನಿಂತು ನೋಡಬೇಕಾದ್ದು ಒಂದಿದೆ. ಆರ್ಮ್ ಬೋಲ್ಟ್‌ಗಳನ್ನು ಕಾರು ಜಾಕ್ ಮೇಲೆ, ಚಕ್ರ ನೇತಾಡುತ್ತಿರುವಾಗ ಪೂರ್ತಿ ಬಿಗಿ ಮಾಡಲು ಬಿಡಬೇಡಿ. ಹಾಗೆ ಬಿಗಿದರೆ ಕಾರು ನೆಲಕ್ಕೆ ಇಳಿದಾಗ ಬುಷ್‌ನ ರಬ್ಬರ್ ತಿರುಚಿಕೊಂಡೇ ಉಳಿಯುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಕಾರಿನ ಭಾರ ಚಕ್ರದ ಮೇಲೆ ಬಂದ ಮೇಲೆ ಕೊನೆಯ ಬಿಗಿ ಕೊಡಬೇಕು. ಅವಸರದ ಗ್ಯಾರೇಜುಗಳಲ್ಲಿ ಇದನ್ನು ಬಿಟ್ಟುಬಿಡುತ್ತಾರೆ. ಪಾಲಿಯುರಿಥೇನ್ ಬುಷ್ ದಿನಬಳಕೆಗೆ ಬೇಡ, ಗ್ರೀಸ್ ಒಣಗಿದರೆ ಕಿರ್ ಅನ್ನುತ್ತದೆ.

ಟೈರು: ನನ್ನ ಕಾರಿನಲ್ಲಿದ್ದದ್ದು 175/65 ಆರ್14 (ಅಗಲ 175 ಮಿಲಿಮೀಟರ್, ಪಕ್ಕದ ಎತ್ತರ ಅಗಲದ ನೂರಕ್ಕೆ 65, ರಿಮ್ 14 ಇಂಚು). ಈಗ 185/60 ಆರ್14. ಹೊರಸುತ್ತಿನ ಅಡ್ಡಳತೆ ಕಡಿಮೆಯಾಗುವುದು ಐದಾರು ಮಿಲಿಮೀಟರ್ ಅಷ್ಟೇ, ಸ್ಪೀಡೋಮೀಟರ್ ವ್ಯತ್ಯಾಸ ನೂರಕ್ಕೆ ಒಂದೂ ಇಲ್ಲ. 16 ಇಂಚಿನ ರಿಮ್ ಬೇಡವೇ ಬೇಡ. ಟೈರಿನ ಪಕ್ಕದಲ್ಲಿ ತಯಾರಾದ ವಾರ ಮತ್ತು ವರ್ಷದ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರ. ಕೊಂಡ ಕಾರಿನ ಟೈರು ಅಷ್ಟು ಹಳೇದಾಗಿದ್ದರೆ ಗೆರೆ ಎಷ್ಟೇ ಆಳ ಇರಲಿ, ತೆಗೆಯಿರಿ.

ಸೈಲೆನ್ಸರ್ ಬದಲಿಸುವುದು: ಸದ್ದು ಜಾಸ್ತಿ, ಶಕ್ತಿ ಅಷ್ಟೇ. ಡಬ್ಬಿ ಇಲ್ಲದ ಬಿಚ್ಚು ಏರ್ ಫಿಲ್ಟರ್: ಎಂಜಿನ್ನಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ, ಬೇಡ. ಟೈಮಿಂಗ್ ಬೆಲ್ಟ್: ಯಾವಾಗ ಹಾಕಿದ್ದು ಅಂತ ಮಾರಿದವರಿಗೆ ಗೊತ್ತಿಲ್ಲದಿದ್ದರೆ ಶಾಕಪ್‌ಗಿಂತ ಮುಂಚೆ ಇದನ್ನೇ ಬದಲಿಸಿ, ಇದು ಹರಿದರೆ ವಾಲ್ವ್ ಬಾಗುತ್ತದೆ.

ಆರ್‌ಟಿಒ ವಿಷಯವನ್ನೂ ಲೆಕ್ಕಕ್ಕೆ ಹಿಡಿಯಿರಿ. 15 ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 2022ರಲ್ಲಿ ಅದರ ಶುಲ್ಕ 5,000 ರೂಪಾಯಿ ಆಯಿತು, 2025ರಲ್ಲಿ 20 ವರ್ಷ ಮೀರಿದ ಕಾರುಗಳಿಗೆ 10,000ಕ್ಕೆ ಏರಿತು. ಕಂಪನಿ ಕೊಟ್ಟ ಮೂಲ ಸ್ವರೂಪ ಬದಲಿಸುವಂತಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ, ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಎತ್ತಿ ಹಿಡಿದಿದೆ. ತಗ್ಗಿಸಿದ ಕಾರು ಒಯ್ದು ಇನ್ಸ್‌ಪೆಕ್ಟರ್ ಎದುರು ನಿಲ್ಲಿಸುವ ಕಷ್ಟ ನಿಮಗೆ ಬೇಡ. ಕಂಪನಿ ಅಳತೆಯಲ್ಲಿ ಆ ಚಿಂತೆಯೇ ಇಲ್ಲ.

ತಿಂಗಳಿಗೊಮ್ಮೆ ಕೊಲ್ಹಾಪುರದ ಹತ್ತಿರದ ಹುಪರಿಯ ರೇಸ್ ಟ್ರ್ಯಾಕಿಗೆ ಹೋಗುವವರು, ಮನೆಯಲ್ಲಿ ಇನ್ನೊಂದು ಕಾರು ಇರುವವರು ಕಾಯಿಲ್‌ಓವರ್ ತಗೊಳ್ಳಲಿ, ನಾನು ಬೇಡ ಅನ್ನುವುದಿಲ್ಲ. ಒಂದೇ ಕಾರು, ಸಂಬಳದ ದುಡ್ಡು ಅಂತಾದರೆ ಒಂದು ಒಳ್ಳೇ ಕಾಯಿಲ್‌ಓವರ್ ಸೆಟ್ಟಿನ ಬೆಲೆಯಲ್ಲಿ ಶಾಕಪ್, ಬುಷ್, ನಾಲ್ಕು ಟೈರು ಎಲ್ಲ ಮುಗಿಯುತ್ತವೆ. ಹಾಕಿಸಿ ಸಾವಿರ ಕಿಲೋಮೀಟರ್ ಓಡಿದ ಮೇಲೆ ಅಲೈನ್‌ಮೆಂಟ್ ಇನ್ನೊಮ್ಮೆ ನೋಡಿಸಿ, ಹೊಸ ರಬ್ಬರ್ ಅಷ್ಟರಲ್ಲಿ ತನ್ನ ಜಾಗಕ್ಕೆ ಕೂತಿರುತ್ತದೆ.